ಹೂದೋಟಕ್ಕೆ ಹುಳದ ಲೈಟು

ದೀಪ ಹಚ್ಚಿದ ಕಡೆ ಹುಳ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ದೀಪ ಹಚ್ಚಿದ ಕಡೆ ಮಾತ್ರ ಹುಳಕ್ಕಿಂತ ಮುಂಚೆ ಏನಾದರೊಂದು ಭಾನಗಡಿ ಬಂದು ಕೂತಿರುತ್ತದೆ.

ರೋಣದಲ್ಲಿ ನನ್ನದೊಂದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿ. ಮೋಟರ್ ಸುತ್ತುವುದು, ಮನೆಗಳಿಗೆ ವೈರಿಂಗ್ ಮಾಡುವುದು, ಫ್ಯಾನಿನ ಗೊರಗೊರ ನಿಲ್ಲಿಸುವುದು ನನ್ನ ಕಸುಬು. ಸುತ್ತಲಿನ ಊರಿನವರೆಲ್ಲ ಮಿಸ್ತ್ರಿ ಅಂತ ಕರೆದೂ ಕರೆದೂ ನನ್ನ ಹೆಸರು ಈಗ ಹೆಂಡತಿಗೂ ಮರೆತಂತಿದೆ. ಇಂಥ ನನ್ನನ್ನು ಹುಳದ ವ್ಯವಹಾರಕ್ಕೆ ಎಳೆದವರು ತೋಟಗಾರಿಕೆ ಇಲಾಖೆಯ ಮೇಡಂ. ಹೂ ಬೆಳೆಯುವ ರೈತರು ಕೀಟನಾಶಕದ ಎಣ್ಣೆ ಹೊಡೆದೂ ಹೊಡೆದೂ ಸುಸ್ತಾಗಿದ್ದಾರೆ, ಮೊಗ್ಗು ತಿನ್ನುವ ಕೀಡಿ ಮಾತ್ರ ಸುಸ್ತಾಗಿಲ್ಲ. ಅದಕ್ಕೆ ಹೊಲದಲ್ಲಿ ಸಂಜೆ ಒಂದು ಲೈಟು ಹಚ್ಚಬೇಕು, ಅದರ ಕೆಳಗೆ ಸೋಪಿನ ನೀರಿನ ಬೋಗಾಣಿ ಇಡಬೇಕು, ತತ್ತಿ ಇಡಲು ಬಂದ ಪತಂಗಗಳು ಬೆಳಕಿಗೆ ಮರುಳಾಗಿ ನೀರಿಗೆ ಬೀಳುತ್ತವೆ, ತತ್ತಿ ಇಲ್ಲದಿದ್ದರೆ ಕೀಡಿ ಇಲ್ಲ, ಕೀಡಿ ಇಲ್ಲದಿದ್ದರೆ ಮೊಗ್ಗು ಉಳಿಯುತ್ತದೆ ಎಂದು ಅವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ವಿವರಿಸಿದರು. ಕಂಬ, ವೈರು, ಬಲ್ಬಿನ ಕೆಲಸ ನಿಮ್ಮದು ಅಂದರು. ನಾನು ಒಪ್ಪಿಕೊಂಡೆ. ಹುಳಗಳು ಏನು ಮಾಡುತ್ತವೆ ಅನ್ನುವುದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಮನುಷ್ಯರು ಏನು ಮಾಡುತ್ತಾರೆ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಿಕ್ಕಿದ್ದೆಲ್ಲ ನಕ್ಕು ಮರೆಯಬಹುದಾದ ಸಂಗತಿ. ಅಬ್ಬಿಗೇರಿಯ ಕಾಕಾನದು ಮಾತ್ರ ಹಾಗಲ್ಲ. ಅಲ್ಲಿ ಒಬ್ಬ ತಂದೆ ಬೀಗರ ಮುಂದೆ ಆಡಿದ ಮಾತು ನಾನು ಎಳೆದ ವೈರಿಗೆ ಜೋತುಬಿದ್ದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಸಣ್ಣಪುಟ್ಟವು ಮುಗಿದುಹೋಗಲಿ.

ಯಾವಗಲ್ಲಿನ ಹಿರಿಯರು

ಮೊದಲ ಲೈಟು ಹಾಕಿದ್ದು ಯಾವಗಲ್ ಎಂಬ ಊರಿನ ಒಬ್ಬ ರೈತನ ಚೆಂಡುಹೂವಿನ ಹೊಲದಲ್ಲಿ. ಹೊಲ ಊರಿಗೆ ಹತ್ತಿದಂತೆಯೇ ಇದೆ, ರಸ್ತೆಗೆ ಕಾಣುತ್ತದೆ. ನಾಲ್ಕು ಜನ ನೋಡಿ ಕಲಿಯಲಿ ಅಂತ ಮೇಡಂ ಆ ಜಾಗವನ್ನೇ ಆರಿಸಿದ್ದರು. ನಾಲ್ಕು ಜನ ನೋಡಿದರು, ಬಂದರು, ಕೂತರು. ಊರಿನ ಕಟ್ಟೆಯ ಮೇಲೆ ಸಂಜೆ ಹರಟೆ ಹೊಡೆಯುತ್ತಿದ್ದ ಹಿರಿಯರೆಲ್ಲ ಕಟ್ಟೆಯ ಬಲ್ಬು ಮಂದವಾಗಿದೆ ಎಂಬ ನೆಪ ತೆಗೆದು ಹೊಲಕ್ಕೆ ಬಿಡಾರ ಬದಲಿಸಿದರು. ಚಾಪೆ ಬಂತು, ತಂಬಾಕಿನ ಡಬ್ಬಿ ಬಂತು, ಗಿರ್ಮಿಟ್ಟು ಬಂತು, ಮಿರ್ಚಿ ಬಂತು. ಹೊಲದ ಮಾಲೀಕ ಪಾಪ ಹಿರಿಯರಿಗೆ ಏಳಿ ಅನ್ನಲಾರದೆ ತಾನೇ ಒಂದು ಮೂಲೆಯಲ್ಲಿ ನಿಂತಿರುತ್ತಿದ್ದ.

ವಾರ ಬಿಟ್ಟು ನೋಡಲು ಹೋದೆ. ಲೈಟಿನ ಕೆಳಗಿದ್ದ ಬೋಗಾಣಿಯಲ್ಲಿ ನೀರಿಲ್ಲ, ಅದನ್ನು ಬೋರಲು ಹಾಕಿ ಅದರ ಮೇಲೆ ಮಿರ್ಚಿಯ ಪ್ಲೇಟು ಇಟ್ಟಿದ್ದಾರೆ. ಅವರಲ್ಲೇ ಹಿರಿಯರಾದ ಒಬ್ಬರು ನನ್ನನ್ನು ಪ್ರೀತಿಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಗಿರ್ಮಿಟ್ಟಿನಲ್ಲಿ ಬಿದ್ದಿದ್ದ ಪತಂಗವನ್ನು ಬೆರಳಿನಿಂದ ಎತ್ತಿ ಆಚೆ ಒಗೆದು ಹೇಳಿದರು: "ಮಿಸ್ತ್ರಿ, ಬೆಳಕು ಭಾಳ ಚಲೋ ಐತಿ, ಅದಕ್ಕ ಹೆಸರಿಡಾಂಗಿಲ್ಲ. ಆದ್ರ ಹುಳ ಭಾಳ ಬರ್ತಾವು ನೋಡು. ಹುಳ ಬರಲಾರದಂಥಾದ್ದು ಒಂದು ಹಾಕಿ ಕೊಟ್ಟಬಿಡು."

ಹುಳ ಬರಲಿ ಅಂತಲೇ ಅದನ್ನು ಹಾಕಿದ್ದು ಅಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಹುಳ ಬೇಕಂತ ಯಾರಾದರೂ ಲೈಟು ಹಚ್ಚುತ್ತಾರೇನು, ಯಾರೋ ನಿನಗೆ ತಪ್ಪು ಹೇಳಿದ್ದಾರೆ ಅಂದರು. ಮುಂದಿನ ವಾರ ಮೇಡಂ ಜೊತೆ ಹೋದಾಗ ಅವರು ತಮ್ಮ ಸಮಸ್ಯೆಯನ್ನು ತಾವೇ ಬಗೆಹರಿಸಿಕೊಂಡಿದ್ದರು. ಒಂದು ಹುಳವೂ ಹತ್ತಿರ ಸುಳಿಯದ ಹಾಗೆ ನನ್ನ ಲೈಟಿಗೆ ಸೊಳ್ಳೆ ಪರದೆ ಕಟ್ಟಿದ್ದರು.

ಹುಳದ ಪಾಲು

ನರಗುಂದದ ಹತ್ತಿರ ಕಾಲುವೆ ನೀರಿನ ಹೊಲ. ಅಣ್ಣ ತಮ್ಮ ಪಾಲಾಗಿ ನಡುವೆ ಒಂದು ಬದು ಹಾಕಿಕೊಂಡಿದ್ದಾರೆ. ಅಣ್ಣ ಸುಗಂಧರಾಜ ಬೆಳೆಯುತ್ತಾನೆ, ತಮ್ಮನದು ಗೋವಿನಜೋಳ ಮತ್ತು ಒಂದಿಷ್ಟು ಕೋಳಿ. ಅಣ್ಣನ ಹೊಲದಲ್ಲಿ ಬದುವಿನ ಮಗ್ಗುಲಿಗೇ ಲೈಟು ಹಾಕಿ ಬಂದೆ.

ಮೂರನೇ ದಿನ ತಮ್ಮ ತಕರಾರು ತೆಗೆದ. ಅಣ್ಣನ ಲೈಟು ಊರ ಹುಳವನ್ನೆಲ್ಲ ಕರೆಯುತ್ತಿದೆ, ಅವು ಹೋಗುವಾಗ ದಾರಿಯಲ್ಲಿ ತನ್ನ ಗೋವಿನಜೋಳದಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿವೆ ಅಂತ. ಮೇಡಂ ಹೋಗಿ ಸಮಾಧಾನ ಹೇಳಿ ಬಂದರು. ಅಷ್ಟರಲ್ಲಿ ತಮ್ಮನ ಕೋಳಿಗಳು ಬದು ದಾಟಿ ಬೋಗಾಣಿಯ ರುಚಿ ಕಂಡುಕೊಂಡವು. ಅಣ್ಣ ಸೋಪು ಹಾಕಲು ಬೇಸರಪಟ್ಟು ಬರೀ ನೀರು ಇಟ್ಟಿದ್ದ, ಹಾಗಾಗಿ ಬೆಳಿಗ್ಗೆ ಕೋಳಿಗಳಿಗೆ ತೇಲುವ ನಾಷ್ಟಾ. ಕೋಳಿ ನೋಡನೋಡುತ್ತ ಮೈತುಂಬಿಕೊಂಡವು. ಅದನ್ನು ಕಂಡ ಅಣ್ಣ ತಾನೂ ಕೋಳಿ ತಂದ, ತಮ್ಮನ ಕೋಳಿಗಳನ್ನು ಕೋಲು ಹಿಡಿದು ಓಡಿಸತೊಡಗಿದ. ಮೊದಲು ಯಾರಿಗೂ ಬೇಡವಾಗಿದ್ದ ಹುಳಕ್ಕೆ ಈಗ ಇಬ್ಬರು ವಾರಸುದಾರರು.

ಪಂಚಾಯ್ತಿಗೆ ನನ್ನನ್ನು ಕರೆದರು. ಹುಳ ಬಿದ್ದದ್ದು ನನ್ನ ಕರೆಂಟಿಗೆ ಅಂತ ಅಣ್ಣ. ಹುಳ ಹುಟ್ಟಿ ಬೆಳೆದದ್ದು ನನ್ನ ಹೊಲದಲ್ಲಿ ಅಂತ ತಮ್ಮ. ಅಪ್ಪನ ಆಸ್ತಿ ಹಂಚುವಾಗಲೂ ಇಷ್ಟು ವಾದ ಆಗಿರಲಿಲ್ಲ ಅಂತ ಅಲ್ಲಿದ್ದವರು ಹೇಳಿದರು. ನನಗೆ ರೋಣದಲ್ಲಿ ಒಂದು ಮೋಟರ್ ಬಿಚ್ಚಿಟ್ಟು ಬಂದ ಗಡಿಬಿಡಿ. ಬೋಗಾಣಿಯ ನಡುವೆ ಒಂದು ತಗಡು ನಿಲ್ಲಿಸಿ, ಈಚೆ ಬಿದ್ದದ್ದು ಅಣ್ಣನದು, ಆಚೆ ಬಿದ್ದದ್ದು ತಮ್ಮನದು ಎಂದು ತೀರ್ಪು ಕೊಟ್ಟು ಗಾಡಿ ಏರಿದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಅಂತ ದಾರಿಯುದ್ದಕ್ಕೂ ನನಗೇ ಹೆಮ್ಮೆ.

ಎರಡು ದಿನ ಕಳೆದು ತಮ್ಮನ ಫೋನು ಬಂತು. "ಮಿಸ್ತ್ರಿಯವರ, ನೀವು ಬಂದು ಲೈಟ್ ಸೊಟ್ಟ ಐತೇನು ನೋಡ್ರಿ. ದೊಡ್ಡ ದೊಡ್ಡ ಹುಳ ಎಲ್ಲಾ ಅವನ ಕಡೆನ ಬೀಳಾಕತ್ಯಾವು, ನನ್ನ ಪಾಲಿಗೆ ಬರೇ ನುಸಿ."

ಪಿಶವಿಯಲ್ಲಿ ಬಂದ ಪುರಾವೆ

ಇದು ನನ್ನ ಅಂಗಡಿಯಲ್ಲೇ ನಡೆದದ್ದು. ಲೈಟು ಹಾಕಿಸಿಕೊಂಡ ಒಬ್ಬ ಅಜ್ಜ, ಮಲ್ಲಿಗೆ ಬೆಳೆಯುವವರು, ಸಂಜೆ ಹೊತ್ತಿಗೆ ಒಂದು ದೊಡ್ಡ ಬಟ್ಟೆಯ ಪಿಶವಿ ಹಿಡಿದು ಬಂದರು. ಹಬ್ಬದ ಮುಂದಿನ ದಿನಗಳು. ಅಂಗಡಿ ತುಂಬ ಗಿರಾಕಿ, ಬಾಗಿಲಿನಿಂದ ಒಳಗಿನ ಗೋಡೆಯವರೆಗೆ ಬಣ್ಣಬಣ್ಣದ ಬಲ್ಬಿನ ಸರ ಹಚ್ಚಿಟ್ಟಿದ್ದೆ. ಲೈಟು ಕೆಲಸ ಮಾಡುತ್ತಿದೆಯೋ ಇಲ್ಲವೋ ನೀನೇ ನೋಡಿ ಹೇಳು ಅಂತ ಅಜ್ಜ ಪಿಶವಿಯನ್ನು ಕೌಂಟರ್ ಮೇಲೆ ಇಟ್ಟು ಅದರ ಬಾಯಿ ಬಿಚ್ಚಿದರು. ಸತ್ತ ಹುಳ ತಂದರೆ ನಾನು ನಂಬಲಿಕ್ಕಿಲ್ಲ ಅಂತ ಜೀವಂತ ಹಿಡಿದು ತಂದಿದ್ದರು.

ಪಿಶವಿಯಿಂದ ಎದ್ದ ಪತಂಗಗಳು ಒಮ್ಮೆಗೇ ನನ್ನ ಬಲ್ಬಿನ ಸರಗಳಿಗೆ ಮುತ್ತಿದವು. ಒಬ್ಬ ಹೆಣ್ಣುಮಗಳು ಸೆರಗು ಝಾಡಿಸುತ್ತ ರಸ್ತೆಗೆ ಓಡಿದಳು. ಇನ್ನೊಬ್ಬರು ಆರಿಸಿಟ್ಟ ಫ್ಯಾನನ್ನು ಅಲ್ಲೇ ಬಿಟ್ಟು ಹೋದರು. ನಾನು ಕಸಬರಿಗೆ ಬೀಸುತ್ತ ಸ್ಟೂಲಿನ ಮೇಲೆ ಕುಣಿಯುತ್ತಿದ್ದೆ. ನನಗೆ ಬಂದ ಸಿಟ್ಟಿಗೆ ಅವತ್ತು ಅಜ್ಜನಿಗೆ ಏನಾದರೂ ಅಂದುಬಿಡುತ್ತಿದ್ದೆ, ಬಾಯಿ ತೆರೆದರೆ ಹುಳ ಹೋಗುತ್ತದೆ ಅಂತ ಸುಮ್ಮನಾದೆ. ಅಜ್ಜ ಮಾತ್ರ ಕೈ ಹಿಂದೆ ಕಟ್ಟಿ ಅಂಗಡಿಯನ್ನೆಲ್ಲ ಸಾವಕಾಶ ನೋಡಿ ನನಗೇ ಬುದ್ಧಿ ಹೇಳಿದರು: "ಇಷ್ಟ್ ಲೈಟ್ ಹಚ್ಚೀಯಲ್ಲೋ ತಮ್ಮಾ, ಕೆಳಗ ಒಂದು ಬೋಗಾಣಿ ಇಡಬೇಕಂತ ಗೊತ್ತಾಗೂದಿಲ್ಲೇನು?"

ಅಬ್ಬಿಗೇರಿ ಕಾಕಾನ ಮಾತು

ಅಬ್ಬಿಗೇರಿಯ ಕಾಕಾ ನನಗೆ ಸಂಬಂಧಿಕನಲ್ಲ. ಊರಿಗೆಲ್ಲ ಕಾಕಾ, ನನಗೂ ಕಾಕಾ. ಮನೆಯ ಹಿಂದೆಯೇ ಹೂದೋಟ, ಅದರ ತುಂಬ ಸೇವಂತಿಗೆ. ಒಬ್ಬಳೇ ಮಗಳು. ಅವಳಿಗೆ ಗಜೇಂದ್ರಗಡದ ಒಂದು ಬಟ್ಟೆ ವ್ಯಾಪಾರಿ ಮನೆತನದಲ್ಲಿ ಗಂಡು ಗೊತ್ತಾಯಿತು. ನಿಶ್ಚಯದ ದಿನ ಊಟಕ್ಕೆ ಕೂತಾಗ ಹಿರಿಯ ಬೀಗರು ತಮ್ಮ ಮೊದಲ ಮಗನ ಮದುವೆಗೆ ಹುಬ್ಬಳ್ಳಿಯಿಂದ ಗಾಡಿ ತುಂಬ ಹೂ ತರಿಸಿದ ಕಥೆ ಹೇಳಿದರು. ಕಾಕಾನಿಗೆ ಸುಮ್ಮನಿರಲು ಆಗಲಿಲ್ಲ. ಕೈಯಲ್ಲಿದ್ದ ಹೋಳಿಗೆ ಎಲೆಗಿಟ್ಟು, ನನ್ನ ಮಗಳ ಮದುವೆ ಮಂಟಪಕ್ಕೆ ಕೊಂಡು ತಂದ ಹೂ ಒಂದೂ ಬರುವುದಿಲ್ಲ, ಬಂದರೆ ನಾನು ಅಬ್ಬಿಗೇರಿಯವನೇ ಅಲ್ಲ ಅಂದುಬಿಟ್ಟ. ಎಲ್ಲರ ಎದುರಿಗೆ ಬಿದ್ದ ಮಾತು. ಇನ್ನು ತೋಟದ ಹೂವನ್ನು ಕೀಡಿಯಿಂದ ಕಾಯುವುದೊಂದೇ ದಾರಿ. ಮರುದಿನವೇ ನನ್ನನ್ನೂ ಮೇಡಂ ಅವರನ್ನೂ ಕರೆಸಿದ.

ತೋಟದ ಮೂಲೆಗೊಂದು, ನಡುವೆ ಒಂದು ಲೈಟು ಹಾಕಿದೆ. ಸ್ವಿಚ್ಚು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಕೊಟ್ಟೆ. ಮೇಡಂ ಕಾಕಾನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಿಕ್ಕ ಹೂವಿನ ಹಾಗಲ್ಲ ಸೇವಂತಿಗೆ, ಅದಕ್ಕೆ ಉದ್ದನೆಯ ಕತ್ತಲೆ ಬೇಕು, ಕತ್ತಲೆ ಸಿಕ್ಕರೇ ಮೊಗ್ಗು; ಸಂಜೆ ಹಚ್ಚಿ, ಊಟದ ಹೊತ್ತಿಗೆ ಆರಿಸಿಬಿಡಬೇಕು ಅಂತ. ಕಾಕಾ ಪ್ರತಿ ಮಾತಿಗೂ ತಲೆ ಆಡಿಸಿದ.

ಆದರೆ ಆ ಮನೆಯ ಸ್ವಿಚ್ಚು ಕಾಕಾನ ಕೈಯಲ್ಲಿರಲಿಲ್ಲ. ಕಾಕಾನ ತಾಯಿ ಇದ್ದಾಳೆ, ಎಲ್ಲರೂ ಆಯಿ ಅನ್ನುತ್ತಾರೆ. ಮೊದಲ ಸಂಜೆ ಲೈಟು ಹತ್ತಿದಾಗ ಆಯಿ ಹೊರಗೆ ಬಂದು ಒಂದೊಂದು ಬಲ್ಬಿಗೂ ಬೇರೆಬೇರೆಯಾಗಿ ಕೈಮುಗಿದಳು. ಮುಗಿದವಳು ಒಂದು ಕಾನೂನನ್ನೂ ಹೊರಡಿಸಿದಳು. ಮದುವೆ ಗೊತ್ತಾದ ಮನೆಯಲ್ಲಿ ಸಂಜೆ ಹಚ್ಚಿದ ದೀಪವನ್ನು ಮನೆಯವರು ಕೈಯಾರೆ ಆರಿಸಬಾರದು, ಅದು ತಾನಾಗಿ ಶಾಂತವಾಗಬೇಕು. ಎಣ್ಣೆಯ ದೀಪವಾದರೆ ಎಣ್ಣೆ ತೀರಿದಾಗ ಶಾಂತವಾಗುತ್ತದೆ. ನನ್ನ ದೀಪಕ್ಕೆ ಎಣ್ಣೆ ತೀರುವ ರೋಗವೇ ಇಲ್ಲ. ಊರಿಗೆಲ್ಲ ಜೋರು ಮಾಡುವ ಕಾಕಾ ಆಯಿಯ ಮುಂದೆ ಮಾತ್ರ ಗಪ್‌ಚಿಪ್. ಮೇಡಂ ಏನು ಹೇಳಿದ್ದರೆಂದು ಆಯಿಗೆ ಹೇಳಲಿಲ್ಲ. ಆಯಿ ಏನು ಹೇಳಿದಳೆಂದು ನಮಗೂ ಹೇಳಲಿಲ್ಲ.

ಕಾಕಾ ಆಗಾಗ ಫೋನು ಮಾಡಿ ಹಿಗ್ಗುತ್ತಿದ್ದ. ಬೋಗಾಣಿ ತುಂಬ ಹುಳ, ಗಿಡದಲ್ಲಿ ಒಂದು ಕೀಡಿ ಇಲ್ಲ, ಗಿಡ ಸೊಂಟದ ಮಟ್ಟ ಬೆಳೆದು ಕಪ್ಪಗೆ ಹಸಿರಾಗಿವೆ ಅಂತ. ದೀಪಾವಳಿ ಹೋಗಿ ತುಳಸಿ ಲಗ್ನ ಹತ್ತಿರ ಬಂತು, ಅದರ ಬೆನ್ನಿಗೇ ಮದುವೆ. ಬೇರೆಯವರ ಸೇವಂತಿಗೆ ಆಗಲೇ ಬಣ್ಣ ಒಡೆದಿತ್ತು. ಕಾಕಾನ ತೋಟ ನೋಡೋಣ ನಡೆಯಿರಿ ಅಂತ ಮೇಡಂ ಒಂದು ಇಳಿಹೊತ್ತು ನನ್ನನ್ನೂ ಕರೆದುಕೊಂಡು ಹೋದರು.

ಗಿಡಗಳೇನೋ ಕಾಕಾ ಹೇಳಿದ ಹಾಗೇ ಇದ್ದವು. ಮೇಡಂ ಸಾಲು ಸಾಲು ಹೊಕ್ಕು, ಬಗ್ಗಿ, ಎಲೆ ಸರಿಸಿ ಸರಿಸಿ ನೋಡಿದರು. ಆಮೇಲೆ ಎದ್ದು ನಿಂತು ಲೈಟನ್ನು ಎಷ್ಟೊತ್ತಿಗೆ ಆರಿಸುತ್ತೀರಿ ಅಂತ ಕೇಳಿದರು. ಕಾಕಾ ಆಕಾಶ ನೋಡಿದ. ಉತ್ತರ ಬಾಗಿಲಲ್ಲಿ ಕೂತಿದ್ದ ಆಯಿಯಿಂದ ಬಂತು. "ಆರಸೂದಾ? ಮದುವಿ ಮನಿ ಐತಿ ನಮ್ಮವ್ವಾ ಇದು. ಹಚ್ಚಿದ ದೀಪ ಬೆಳಕು ಹರಿಯೂ ತನಕಾ ಉರಿತೈತಿ."

ಮೇಡಂ ಬದುವಿನ ಮೇಲೆ ಕುಕ್ಕರಿಸಿದರು. ನಿಮ್ಮ ಸೇವಂತಿಗೆಗೆ ಈ ವರ್ಷ ಇನ್ನೂ ರಾತ್ರಿಯೇ ಆಗಿಲ್ಲ ಕಾಕಾ, ಒಂದೂ ಮೊಗ್ಗಿಲ್ಲ ಅಂದರು. ಇವತ್ತಿನಿಂದ ಕತ್ತಲೆ ಕೊಟ್ಟರೂ ಹೂ ಬರುವುದು ಮದುವೆ ಮುಗಿದ ಮೇಲೇ. ಜಿಲ್ಲೆಯಲ್ಲೇ ಕೀಡಿ ಇಲ್ಲದ ತೋಟ ಅದು. ಕೀಡಿಗೆ ತಿನ್ನಲು ಅಲ್ಲಿ ಮೊಗ್ಗೇ ಇರಲಿಲ್ಲ.

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರು ಅಂದುಕೊಂಡೆ, ಅಲ್ಲ. ಮಗಳಿಗೆ ಹೇಳಿಕೊಳ್ಳುವಂಥದ್ದೇನೂ ಕೊಡಲಾಗದಿದ್ದರೂ ಹೂವಿನ ನಡುವೆ ನಿಲ್ಲಿಸಿ ಕಳಿಸಬೇಕೆಂದಿದ್ದೆ ಮಿಸ್ತ್ರಿ ಅಂದ. ಎಂಥ ಜೋರಿನ ಮನುಷ್ಯ, ಸಣ್ಣ ಮಗುವಿನ ಹಾಗೆ ಕೂತಿದ್ದ. ಆಯಿಗೂ ಗಾಬರಿಯಾಯಿತು. ತನ್ನ ಕಾನೂನನ್ನು ತಾನೇ ಸ್ವಲ್ಪ ಸಡಿಲ ಮಾಡಿದಳು: ಮನೆಯವರು ಆರಿಸಬಾರದು ಅಂದಿದ್ದೆ, ಹೊರಗಿನವರು ಆರಿಸಿದರೆ ನಡೆಯುತ್ತದೆ. ದಿನಾ ಸಂಜೆ ರೋಣದಿಂದ ಅಬ್ಬಿಗೇರಿಗೆ ಸ್ವಿಚ್ಚು ಆರಿಸಲು ನಾನು ಬರಲಾರೆ, ಅದಕ್ಕೆ ತಾನೇ ಆರಿಸುವ ಒಂದು ಟೈಮರ್ ಕೂರಿಸುತ್ತೇನೆ ಅಂದೆ. ಅದು ಎಲ್ಲಿಯದು ಅಂತ ಆಯಿ ವಿಚಾರಿಸಿದಳು. ಹುಬ್ಬಳ್ಳಿಯಿಂದ ತರಿಸಿದ್ದು ಅಂದೆ. "ಹಂಗಾದ್ರ ನಮ್ಮ ಮನಿದು ಅಲ್ಲ, ಆರಸವಲ್ದ್ಯಾಕ," ಅಂತ ಆಯಿ ಟೈಮರಿಗೆ ಅಪ್ಪಣೆ ಕೊಟ್ಟಳು.

ಗಜೇಂದ್ರಗಡದ ಫೋನು

ತೋಟದ ಒಂದು ತುದಿಯಲ್ಲಿ, ರಸ್ತೆಗೆ ಕಾಣುವಂತೆ, ಬೀಗರಿಗೆ ಸ್ವಾಗತ ಕೋರುವ ದೊಡ್ಡ ಫ್ಲೆಕ್ಸು ನಿಂತಿತ್ತು. ಕೈಮುಗಿದ ಕಾಕಾನ ಫೋಟೊ ಅದರ ತುಂಬ. ನಿಶ್ಚಯ ಮುಗಿದ ವಾರದಲ್ಲೇ ಉತ್ಸಾಹ ತಡೆಯಲಾರದೆ ಹಾಕಿಸಿದ್ದ. ನಾವೆಲ್ಲ ಮೋರೆ ಇಳಿಬಿಟ್ಟು ಕೂತಿದ್ದಾಗ ಕಾಕಾನ ಮಗಳು ಆ ಫ್ಲೆಕ್ಸಿನ ಹಿಂದಿನಿಂದ ನಗುತ್ತ ಬಂದಳು. ಅವಳ ಕೈಯಲ್ಲಿ ಒಂದು ಹಳದಿ ಸೇವಂತಿಗೆ. ಆ ಮೂಲೆಯ ಲೈಟಿಗೆ ಫ್ಲೆಕ್ಸು ಅಡ್ಡ ನಿಂತು, ಮಿಕ್ಕ ಲೈಟುಗಳ ಬೆಳಕು ಅಲ್ಲಿಯವರೆಗೆ ಮುಟ್ಟದೆ, ಅದರ ನೆರಳು ಬಿದ್ದ ಒಂದು ಪಟ್ಟಿಯಷ್ಟು ಜಾಗದಲ್ಲಿ ಗಿಡಗಳು ಕಾಲಕ್ಕೆ ಸರಿಯಾಗಿ ಹೂ ಬಿಟ್ಟಿದ್ದವು. ಹೆಚ್ಚಿಲ್ಲ, ಗಂಡು ಹೆಣ್ಣಿನ ಎರಡು ಮಾಲೆಗೆ ಆಗುವಷ್ಟು. "ಅಪ್ಪಾ, ಇಡೀ ತ್ವಾಟದಾಗ ನಿನ್ನ ಮಾರಿ ಹಿಂದ ಅಷ್ಟ ಕತ್ತಲಿ ಇತ್ತು ನೋಡು," ಅಂದಳು.

ಮಾಲೆಗೇನೋ ಆಯಿತು, ಮಂಟಪಕ್ಕೆ ಏನು ಮಾಡಲಿ ಅಂತ ಕಾಕಾ. ರಾತ್ರೋರಾತ್ರಿ ಹೂ ತರಿಸೋಣ, ಯಾರಿಗೆ ಗೊತ್ತಾಗುತ್ತದೆ ಅಂದೆ ನಾನು. ಕಾಕಾ ನನ್ನನ್ನು ನೋಡಿದ ನೋಟಕ್ಕೆ ಎದ್ದು ಒಂದು ಬಲ್ಬು ಒರೆಸತೊಡಗಿದೆ. ಮಗಳು ಅಪ್ಪನ ಪಕ್ಕದಲ್ಲಿ ಕೂತು ಸಾವಕಾಶ ಹೇಳಿದಳು: "ಕೊಂಡ ಹೂ ಬರೂದಿಲ್ಲ ಅಂದಿ, ತರಬ್ಯಾಡ. ಮಾತು ಉಳೀತು. ಹೂ ಇರ್ತಾವು ಅಂತ ನೀ ಎಲ್ಲಿ ಅಂದಿದ್ದಿ?"

ಕಾಕಾ ನಿಶ್ಚಯದ ದಿನದ ತನ್ನ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಮಗಳು ಹೇಳಿದ್ದು ಸರಿ ಇತ್ತು. ಅವಳು ಮೊಬೈಲಿನಲ್ಲಿ ಯಾವುದೋ ದೊಡ್ಡ ಮದುವೆಯ ಮಂಟಪ ತೋರಿಸಿದಳು, ಮೇಲಿಂದ ಕೆಳಗಿನವರೆಗೆ ಬರೀ ಹಸಿರು ಎಲೆ. ಅಪ್ಪನಿಗೆ ಇನ್ನೂ ಒಂದು ಮಾತು ಕಿವಿಯಲ್ಲಿ ಹೇಳಿಕೊಟ್ಟಳು. ನಮಗೆ ಕೇಳಿಸಲಿಲ್ಲ.

ಮದುವೆಯ ದಿನ ಮನೆಯ ಮುಂದಿನ ಮಂಟಪ ಹಸಿರೋ ಹಸಿರು. ಸೊಂಟದ ಮಟ್ಟದ ಸೇವಂತಿಗೆ ಗಿಡಗಳನ್ನು ಬುಡದ ಎರೆಮಣ್ಣಿನ ಸಮೇತ ಎಬ್ಬಿಸಿ, ಬಕೆಟ್ಟಿಗೆ ಇಳಿಸಿ, ಬಕೆಟ್ಟಿಗೆ ಸೀರೆ ಸುತ್ತಿ ಸುತ್ತಲೂ ನಿಲ್ಲಿಸಿದ್ದರು. ನಾನು ಏಣಿಯ ಮೇಲೆ ನಿಂತು ಸೀರಿಯಲ್ ಬಲ್ಬಿನ ಸರ ಬಿಗಿಯುತ್ತಿದ್ದೆ. ಬೀಗರು ಬಂದರು. ಹಿರಿಯ ಬೀಗರು ಕೈ ಹಿಂದೆ ಕಟ್ಟಿ ಮಂಟಪವನ್ನು ಒಂದು ಸುತ್ತು ಹಾಕಿದರು, ಒಂದು ಎಲೆ ಹಿಡಿದು ತಿರುವಿ ನೋಡಿದರು. ಹೂ ಎಲ್ಲಿ ಬೀಗರ ಅಂತ ಅವರು ಕೇಳಿದರು.

ಕಾಕಾನ ಹಣೆಯ ಮೇಲೆ ಬೆವರು. ಆದರೆ ಮಗಳು ಕಲಿಸಿದ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದ. "ಇವು ಹೂ ಬಿಡಲಾರದ ಸೇವಂತಿಗಿರಿ. ನಮ್ಮ ತ್ವಾಟ ಬಿಟ್ರ ಈ ಸೀಮ್ಯಾಗ ಎಲ್ಲೂ ಸಿಗೂದಿಲ್ಲ."

ಅವತ್ತಿನ ಮಟ್ಟಿಗೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಿರಿಯ ಬೀಗರು ಆ ಎಲೆಯನ್ನು ಇನ್ನೊಮ್ಮೆ ಮೂಸಿ ನೋಡಿದರು. ಆಮೇಲೆ ತಮ್ಮ ಹೆಂಡತಿಯ ಕಡೆ ತಿರುಗಿ, ನೋಡು, ಹೂ ಎಲ್ಲರ ಮನೆಯಲ್ಲೂ ಇರುತ್ತವೆ, ಇಂಥದ್ದು ಎಲ್ಲಿ ನೋಡಿದ್ದೆ ಅಂದರು. ಕಾಕಾ ಅಷ್ಟು ಉದ್ದದ ಉಸಿರು ಬಿಟ್ಟಿದ್ದನ್ನು ನಾನು ಕಂಡಿಲ್ಲ. ಮಾಲೆ ಬಿದ್ದವು, ಅಕ್ಕಿಕಾಳು ಬಿದ್ದವು. ಸಂಜೆ ಬೀಗರು ಹೊರಟಾಗ ಸೊಸೆಯ ಜೊತೆಗೆ ಹತ್ತು ಹನ್ನೆರಡು ಬಕೆಟ್ಟು ಗಿಡಗಳನ್ನೂ ಕೇಳಿ ಗಾಡಿಗೆ ಹೇರಿಸಿಕೊಂಡರು. ಗಜೇಂದ್ರಗಡದಲ್ಲಿ ತಮ್ಮ ಮನೆಯ ಅಂಗಳದಲ್ಲಿ ಸಾಲಾಗಿ ನೆಟ್ಟು, ಅಂಗಡಿಗೆ ಬಂದವರಿಗೆಲ್ಲ ಒಳಗೆ ಕರೆದು ತೋರಿಸುತ್ತಿದ್ದಾರೆ ಅಂತ ಮಗಳು ಫೋನಿನಲ್ಲಿ ಹೇಳಿದಳಂತೆ. ಆ ಅಂಗಳದಲ್ಲಿ ನನ್ನ ಲೈಟು ಇರಲಿಲ್ಲ. ಒಳ್ಳೆಯ ಕತ್ತಲೆ ಇತ್ತು.

ಮದುವೆಯಾಗಿ ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ, ಸಂತೆಗೆಂದು ರೋಣಕ್ಕೆ ಬಂದಿದ್ದ ಕಾಕಾ ನನ್ನ ಅಂಗಡಿಗೆ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಫೋನು, ಫೋನಿನಲ್ಲಿ ಹಿರಿಯ ಬೀಗರು. ಏನು ಹೇಳಲಿ ಮಿಸ್ತ್ರಿ ಅಂತ ಕಣ್ಣಲ್ಲೇ ಕೇಳುತ್ತ ಫೋನಿನ ಸ್ಪೀಕರ್ ಹಚ್ಚಿದ. ಆ ಕಡೆ ಹಿಂದುಗಡೆ ಎಲ್ಲೋ ಕಾಕಾನ ಮಗಳು ನಗು ತಡೆಯಲಾರದೆ ಕೆಮ್ಮುವುದು ಕೇಳುತ್ತಿತ್ತು. ಬೀಗರ ದನಿ ಮಾತ್ರ ಮನೆಯಲ್ಲಿ ಯಾರಿಗೋ ಹುಷಾರಿಲ್ಲದವರ ದನಿ.

"ಬೀಗರ, ಹೇಳಬಾರದು, ಆದ್ರೂ ಹೇಳ್ತೀನ್ರಿ. ನೀವು ಕೊಟ್ಟ ಗಿಡ ಎಲ್ಲಾ ಕೆಟ್ಟ ಹೋದುವು. ಒಂದೂ ಬಿಡಲಾರದಂಗ ಹೂ ಬಿಡಾಕತ್ಯಾವು."